ಏಳು ದಾರದ ಕುಲಾಯಿ

ಅಂಬಾಬಾಯಿಯ ಹೊಲಿಗೆ ಮಷೀನಿನ ಮುಂದೆ ಬಂದು ಕೂತ ಯಾವ ಹೆಂಗಸೂ ಇವತ್ತಿನವರೆಗೆ ದಪ್ಪಗಾಗಿರಲಿಲ್ಲ. ಎರಡು ಹೆರಿಗೆಯಾಗಿ ತೋಳು ತುಂಬಿಕೊಂಡವರು, ಮದುವೆ ಮನೆಯ ಊಟ ಮೈಗೆ ಹತ್ತಿದವರು ಯಾರೇ ಬಿಗಿಯಾದ ರವಿಕೆ ಹಿಡಿದು ಬರಲಿ, ಆಕೆ ಹೇಳುತ್ತಿದ್ದುದು ಒಂದೇ ಮಾತು: ಬಟ್ಟೆ ನೀರಿಗೆ ಬಿದ್ದು ಕುಗ್ಗಿದೆ. ಮರಾಠಿ ಗಿರಾಕಿಗೆ ಮರಾಠಿಯಲ್ಲಿ, ಕಲಬುರಗಿ ಕಡೆಯವರಿಗೆ ಕನ್ನಡದಲ್ಲಿ. ಹಾಗೆ ಹೇಳಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಒಂದಿಷ್ಟು ಸರಿಸಿ ಹೊಲಿದುಕೊಟ್ಟರೆ ಗಿರಾಕಿಯೂ ಖುಷಿ, ಆಕೆಯೂ ಖುಷಿ. ಪುಣೆಯ ಭೋಸರಿಯಲ್ಲಿ, ಸಾಲುಮನೆಗಳ ಒಂದು ಚಾಳಿನಲ್ಲಿ ಇಪ್ಪತ್ತೆಂಟು ವರ್ಷ ಅವಳ ಮಷೀನು ನಿಲ್ಲದೆ ಓಡಿದ್ದರ ಗುಟ್ಟು ಅರ್ಧ ಕೈಯಲ್ಲಿತ್ತು, ಅರ್ಧ ಬಾಯಲ್ಲಿತ್ತು.

ಮನೆ ಅಂದರೆ ಎರಡು ಕೋಣೆ, ಹೊರಗೆ ಗಿಡದ ಡಬ್ಬಿಗಳನ್ನಿಟ್ಟ ಒಂದು ಕಟ್ಟೆ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮಗ ಜೈಭೀಮನಿಗೆ ಗಾಡಿಯ ಗೇರುಚಕ್ರ ತಯಾರಿಸುವ ಫ್ಯಾಕ್ಟರಿಯಲ್ಲಿ ಅಳತೆ ನೋಡುವ ಕೆಲಸ. ಒಂದು ಹಲ್ಲು ಕೂದಲೆಳೆಯಷ್ಟು ತಪ್ಪಿದರೂ ಇಡೀ ಗೇರನ್ನು ಬದಿಗಿಡುವವನು. ಸೊಸೆ ಶಿವಕಾಂತಾ ಔಷಧಿ ಕಂಪನಿಯೊಂದರಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಡಿಸೆಂಬರಿನ ಮೊದಲ ವಾರ ಅವರಿಗೆ ಗಂಡುಮಗು ಹುಟ್ಟಿತು. ತೊಟ್ಟಿಲ ದಿನ ಅಭಿಲಾಷ ಎಂದು ಹೆಸರಿಟ್ಟರೂ ಆ ಹೆಸರು ಲಸಿಕೆಯ ಕಾರ್ಡಿಗೆ ಮಾತ್ರ ಉಳಿಯಿತು. ಮನೆಯಲ್ಲಿ ಅವನು ಅಪ್ಪಿ.

ಅಂಬಾಬಾಯಿಯ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕೂಸಿನ ಮೊದಲ ಕುಲಾಯಿಯನ್ನು ಅಜ್ಜಿಯೇ ಹೊಲಿಯಬೇಕು, ಹುಟ್ಟುಗೂದಲು ಬೋಳಿಸಿ ಜಾವಳ ತೆಗೆಯುವವರೆಗೆ ಆ ತಲೆಯ ಮೇಲೆ ಬೇರೆ ಟೊಪ್ಪಿಗೆ ಏರಬಾರದು. ತಲೆ ಬೆಳೆದಂತೆ ಅದೇ ಕುಲಾಯಿಯ ಹೊಲಿಗೆ ಬಿಚ್ಚಿ ಅಗಲ ಮಾಡಬೇಕು. ಆಕೆ ತನ್ನ ಮದುವೆಯ ಖಣದ ರವಿಕೆಯನ್ನೇ ಕತ್ತರಿಸಿ, ಎರಡೂ ಪಕ್ಕ ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು, ಕಿವಿ ಮುಚ್ಚುವಂಥ, ಗದ್ದದ ಕೆಳಗೆ ಲಾಡಿ ಕಟ್ಟುವಂಥ ಕುಲಾಯಿ ಹೊಲಿದಳು. ಮೊದಲ ಹೊಲಿಗೆ ಬಿಳಿ ದಾರದ್ದು. ಚಾಳಿನ ಹೆಂಗಸರೆಲ್ಲ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದರು.

ಶಿವಕಾಂತಾಳದು ಕಾಂಟ್ರಾಕ್ಟಿನ ಕೆಲಸ. ಮೂರು ತಿಂಗಳಿಗಿಂತ ಹೆಚ್ಚು ಮನೆಯಲ್ಲಿ ಕೂತರೆ ಜಾಗ ಇನ್ನೊಬ್ಬರ ಪಾಲಾಗುತ್ತಿತ್ತು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ, ಕಳಿಸಿದವಳು ಅಂಬಾಬಾಯಿಯೇ. ನಾನಿದ್ದೇನಲ್ಲ, ಜೈಭೀಮನನ್ನು ಇದೇ ಮಷೀನಿನ ಕಾಲಬುಡದಲ್ಲಿ ಮಲಗಿಸಿ ಬೆಳೆಸಿದವಳು ನಾನು ಎಂದು ಹೇಳಿದಳು. ಮಾರ್ಚ್ ತಿಂಗಳಿಂದ ಶಿವಕಾಂತಾ ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿಕೊಂಡು ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ಎಣ್ಣೆ ಹಚ್ಚುವುದು, ಎರೆಯುವುದು, ಲೋಬಾನದ ಹೊಗೆ ಹಿಡಿದು ಕುಲಾಯಿ ಕಟ್ಟಿ ಮಲಗಿಸುವುದು ಎಲ್ಲ ಅಜ್ಜಿಯ ಪಾಲಿಗೆ ಬಂತು. ಆಕೆಗೆ ಇದಕ್ಕಿಂತ ಸುಖದ ದಿನಗಳು ಬಂದಿರಲಿಲ್ಲ.

ಕುಲಾಯಿ ಮೊದಲು ಬಿಗಿಯಾದದ್ದು ಸಂಕ್ರಾಂತಿಗೆ. ಪುಣೆಯಲ್ಲಿ ಆ ಹಬ್ಬಕ್ಕೆ ಎಲ್ಲರಿಗೂ ಕರಿ ಸೀರೆಯೇ ಬೇಕು, ಮಷೀನಿನಲ್ಲಿ ಕರಿ ದಾರವೇ ಇತ್ತು, ಅದರಲ್ಲೇ ಒಂದು ಗೆರೆ ಸರಿಸಿ ಹೊಲಿದಳು. ಶಿವರಾತ್ರಿಗೆ ಕೆಂಪು ದಾರ. ಯುಗಾದಿಯ ಗುಡಿ ಪಾಡವಾಕ್ಕೆ ಹಸಿರು. ಕೂಸು ಬೆಳೆಯುತ್ತದೆ, ಕುಲಾಯಿ ಬಿಗಿಯುತ್ತದೆ, ಅಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಪಾಡವಾ ಮುಗಿದು ಹತ್ತು ದಿನಕ್ಕೆ ಮತ್ತೆ ಬಿಗಿಯಾಯಿತು. ಗುಲಾಬಿ ದಾರ ಹಾಕಿದಳು. ಅದಾಗಿ ಎಂಟೇ ದಿನಕ್ಕೆ ಕೇಸರಿ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಚಾಳಿನ ಹೆಂಗಸರ ಬಿಳಿ ಸೀರೆಗೆ ನೀಲಿ ರವಿಕೆ ಹೊಲಿಯುತ್ತಿದ್ದಾಗ ಕೂಸಿನ ಹಣೆಯ ಮೇಲೆ ಕುಲಾಯಿಯ ಅಂಚು ಕೆಂಪಗೆ ಒತ್ತಿದ್ದು ಕಂಡಿತು. ನೀಲಿ ದಾರದಲ್ಲೇ ಅವತ್ತು ಮತ್ತೊಂದು ಗೆರೆ ಸರಿಯಿತು. ಬಿಚ್ಚಿದ ಹೊಲಿಗೆಯ ಚೂರುಗಳನ್ನು ಕಿತ್ತು ತೆಗೆಯುವ ಗೋಜಿಗೆ ಆಕೆ ಹೋಗಲಿಲ್ಲ. ಒಳಗಿನದನ್ನು ಯಾರು ನೋಡುತ್ತಾರೆ?

ಕೈ ಆ ಕೆಲಸ ಮಾಡುತ್ತಿರುವಾಗ ಬಾಯಿ ತನ್ನ ಹಳೆಯ ಮಾತನ್ನು ತಾನೇ ಆಡಿತು: ಖಣ ನೀರಿಗೆ ಬಿದ್ದು ಕುಗ್ಗಿದೆ. ಗಿರಾಕಿಗಳಿಗೆ ಸಾವಿರ ಸಲ ಹೇಳಿದ್ದನ್ನು ಆಕೆ ತನಗೂ ಹೇಳಿಕೊಂಡಳು. ಕೂಸಿನ ಹಣೆಯ ಮೇಲೆ ಹಸಿರು ನರ ಎದ್ದು ಕಾಣುತ್ತಿತ್ತು. ಬೆಳ್ಳಗಿನ ಕೂಸು, ಕಾಣುತ್ತದೆ ಎಂದುಕೊಂಡಳು. ಹಗಲೆಲ್ಲ ಮಲಗುತ್ತಿತ್ತು, ಪುಣ್ಯವಂತ ಕೂಸು, ಅಜ್ಜಿಗೆ ಕಾಟ ಕೊಡುವುದಿಲ್ಲ ಎಂದುಕೊಂಡಳು. ಸೊಸೆ ಸಂಜೆ ಬಂದು ಅಪ್ಪಿ ಹೇಗಿದ್ದ ಎಂದು ಕೇಳಿದರೆ, ರಾಜನ ಹಾಗೆ ಇದ್ದ ಎನ್ನುತ್ತಿದ್ದಳು.

ಜಯಂತಿಯಾಗಿ ಒಂದು ವಾರಕ್ಕೆ ಚಿತ್ತಾಪುರದಿಂದ ಶಿವಕಾಂತಾಳ ತಾಯಿ ಶರಣಮ್ಮ ಬಂದಳು. ಶೇಂಗಾ ಚಟ್ನಿ, ಗಟ್ಟಿ ರೊಟ್ಟಿಯ ಗಂಟು, ಮೊಮ್ಮಗನಿಗೆ ಒಂದು ಉಣ್ಣೆ ಟೊಪ್ಪಿಗೆ ತಂದಿದ್ದಳು. ಜಾವಳ ಮುಗಿಯುವವರೆಗೆ ಬೇರೆ ಟೊಪ್ಪಿಗೆ ಹಾಕುವಂತಿಲ್ಲ ಎಂದು ಅಂಬಾಬಾಯಿ ಹೇಳುತ್ತಿದ್ದಂತೆಯೇ, ಒಮ್ಮೆ ನೋಡಿ ತೆಗೆಯುತ್ತೇನೆ ಎಂದು ಶರಣಮ್ಮ ಅದನ್ನು ಕೂಸಿನ ತಲೆಗೆ ಏರಿಸಹೋದಳು. ಅದು ಅರ್ಧಕ್ಕೇ ನಿಂತಿತು.

"ಬೀಗತಿ, ಇದು ವರ್ಷದ ಕೂಸಿನ ಟೊಪಗಿ," ಅಂದಳು ಶರಣಮ್ಮ. "ಇನ್ನೂ ಐದ್ ತಿಂಗಳ ತುಂಬಿಲ್ಲ, ತಲಿಗಿ ಏರವಲ್ದಂದ್ರ ಹೆಂಗ್ರಿ?"

"ನಿಮ್ಮ ಅಂಗಡ್ಯಾಂವ ಸುಳ್ಳ ಹೇಳ್ಯಾನ. ನಮ್ಮ ಮನಿತನದಾಗ ಎಲ್ಲಾರ ತಲಿ ದೊಡ್ಡವೇ. ಜೈಭೀಮಂದೂ ಹಿಂಗೇ ಇತ್ತು."

"ಜೈಭೀಮಪ್ಪಂದು ಈಗೂ ಸಣ್ಣದೇ ಅದಲ್ರಿ."

ಜೈಭೀಮ ಊಟದ ತಟ್ಟೆಯಿಂದ ತಲೆ ಎತ್ತಿ ಇಬ್ಬರನ್ನೂ ನೋಡಿದ. ನಗು ಬಂತು, ಆದರೆ ಕೂಸಿನ ಕಡೆ ನೋಡಿದ ಮೇಲೆ ಅದು ಉಳಿಯಲಿಲ್ಲ. ಕೈ ತೊಳೆದು ಬಂದು ತಾಯಿಯ ಟೇಪು ತೆಗೆದುಕೊಂಡು ಮಲಗಿದ್ದ ಮಗನ ತಲೆಯ ಸುತ್ತ ಹಿಡಿದ. ಮೂರು ಸಲ ಅಳೆದ. ಮೂರು ಸಲವೂ ನಲವತ್ತೈದೂವರೆ ಸೆಂಟಿಮೀಟರ್. ಮೊಬೈಲಿನಲ್ಲಿ ಹುಡುಕಿದರೆ ಆ ವಯಸ್ಸಿಗೆ ನಲವತ್ತೆರಡರ ಆಸುಪಾಸು ಎಂದಿತ್ತು. ತನ್ನ ಫ್ಯಾಕ್ಟರಿಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಏನು ಮಾಡುತ್ತಾರೆಂದು ಹೇಳಲು ಹೊರಟವನು ಮಾತು ನುಂಗಿಕೊಂಡು, ನಾಳೆ ರಜೆ ಹಾಕುತ್ತೇನೆ ಎಂದಷ್ಟೇ ಹೇಳಿದ. ಅಂಬಾಬಾಯಿ ಕುಲಾಯಿಯನ್ನು ಮಡಚಿ ಮಷೀನಿನ ಡ್ರಾದೊಳಗೆ ಇಟ್ಟಳು.

ಫ್ಯಾಕ್ಟರಿಯ ಇಎಸ್‌ಐ ಕಾರ್ಡು ಹಿಡಿದು, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಚೀಟಿ ಬರೆಸಿಕೊಂಡು, ಕೊನೆಗೆ ಗಂಡ, ಹೆಂಡತಿ, ಅಂಬಾಬಾಯಿ ಮೂವರೂ ಕೂಸನ್ನೆತ್ತಿಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಮುಟ್ಟಿದರು. ಅಲ್ಲಿನ ಡಾಕ್ಟರ್ ರಂಜಿನಿ ಮೈಸೂರು ಕಡೆಯವರು. ಕನ್ನಡ ಕೇಳಿದ ಕೂಡಲೇ ಅಂಬಾಬಾಯಿಗೆ ಅರ್ಧ ಧೈರ್ಯ ಬಂತು, ಉಳಿದರ್ಧ ಸ್ಕ್ಯಾನಿನ ಕೋಣೆಯ ಬಾಗಿಲಲ್ಲೇ ಕರಗಿತು. ಮೊದಲು ಇನ್ನೂ ಮೆತ್ತಗಿದ್ದ ನೆತ್ತಿಯ ಮೇಲಿಂದ ನೋಡಿದರು, ಮರುದಿನ ಕೂಸಿಗೆ ನಿದ್ದೆ ಬರಿಸಿ ದೊಡ್ಡ ಯಂತ್ರದಲ್ಲಿ ನೋಡಿದರು. ಆಮೇಲೆ ಮೂವರನ್ನೂ ಕೂರಿಸಿಕೊಂಡು ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ನಡುವೆ ಒಂದು ದೊಡ್ಡ ರಕ್ತನಾಳ ಇರುತ್ತದೆ, ಮಿದುಳು ಬಳಸಿದ ರಕ್ತ ಅದರಿಂದ ಕೆಳಗಿಳಿಯುತ್ತದೆ. ಈ ಕೂಸಿಗೆ ಹುಟ್ಟುವ ಮೊದಲಿಂದಲೇ ಹೃದಯದಿಂದ ಜೋರಾಗಿ ಬರುವ ರಕ್ತ ನೇರವಾಗಿ ಅದಕ್ಕೇ ನುಗ್ಗುತ್ತಿದೆ. ನಾಳ ಊದಿಕೊಂಡಿದೆ. ಮಿದುಳಿನ ರಕ್ತಕ್ಕೂ ನೀರಿಗೂ ಹೊರಗೆ ಹೋಗಲು ದಾರಿ ಸಾಲದೆ ತಲೆ ದೊಡ್ಡದಾಗುತ್ತಿದೆ.

ಅಂಬಾಬಾಯಿಗೆ ಅದು ಚಾಳಿನ ಮೋರಿಯ ಲೆಕ್ಕದಲ್ಲಿ ಅರ್ಥವಾಯಿತು. ಮೇಲಿನ ಟಾಕಿಯ ನೀರನ್ನೇ ಯಾರೋ ಮೋರಿಯ ಪೈಪಿಗೆ ತಿರುಗಿಸಿಬಿಟ್ಟರೆ ಎಲ್ಲ ಮನೆಗಳ ನೀರು ಹಿಂದಕ್ಕೆ ಬರುತ್ತದೆ. ಹಾಗೆಯೇನ್ರಿ ಎಂದು ಕೇಳಿದಳು. ಡಾಕ್ಟರು, ಹೌದಮ್ಮ, ನನಗಿಂತ ಚೆನ್ನಾಗಿ ಹೇಳಿದಿರಿ ಎಂದರು. ಚಿಕಿತ್ಸೆಯನ್ನೂ ಅವರೇ ಹೇಳಿದರು: ತೊಡೆಯ ನಾಳದೊಳಗಿಂದ ಕೂದಲಿನಷ್ಟು ಸಣ್ಣ ನಳಿಕೆ ಮೇಲಕ್ಕೆ ಹೋಗಿ, ತಪ್ಪು ದಾರಿಗೆ ಅಂಟು ತುಂಬಿ ಮುಚ್ಚುತ್ತದೆ, ತಲೆ ಕೊಯ್ಯುವುದಿಲ್ಲ. ಆದರೆ ಯಾವಾಗ ಮಾಡಬೇಕು ಎಂಬುದೇ ಪ್ರಶ್ನೆ. ಕೂಸು ಇನ್ನಷ್ಟು ಬೆಳೆದರೆ ಕೆಲಸ ಸುಲಭ. ತಲೆ ಜೋರಾಗಿ ಬೆಳೆಯುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ, ಮಿದುಳಿಗೆ ಏಟು ಬೀಳುತ್ತದೆ.

"ಹುಟ್ಟಿದಾಗಿನ ಅಳತೆ ಬಿಟ್ರೆ ಕಾರ್ಡಲ್ಲಿ ಏನೂ ಇಲ್ಲ," ಅಂದರು ಡಾಕ್ಟರು. "ಮೊದಲಿಂದ ನಿಧಾನವಾಗಿ ಬೆಳೀತಾ ಬಂತಾ, ಇತ್ತೀಚೆಗೆ ಜೋರಾಯ್ತಾ? ಯಾರಾದ್ರೂ ಗಮನಿಸಿದ್ದೀರಾ?"

ಜೈಭೀಮ ಹೆಂಡತಿಯ ಮುಖ ನೋಡಿದ. ಶಿವಕಾಂತಾ ಅತ್ತೆಯ ಮುಖ ನೋಡಿದಳು. ಅಂಬಾಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಹಂಗೇನೂ ಕಾಣಲಿಲ್ರಿ ಎಂದುಬಿಟ್ಟಳು. ಹಾಗಾದರೆ ಎರಡು ವಾರ ಮನೆಯಲ್ಲಿ ಅಳತೆ ಬರೆದಿಡಿ, ನೋಡಿ ತೀರ್ಮಾನಿಸೋಣ ಎಂದರು ಡಾಕ್ಟರು.

ಅವತ್ತು ಮನೆಯಲ್ಲಿ ಶರಣಮ್ಮನೇ ಬೇಳೆ ಬೇಯಿಸಿ ಅನ್ನ ಮಾಡಿದಳು. ಜೈಭೀಮ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊದ ಕೆಳಗೆ ಕ್ಯಾಲೆಂಡರು ಸರಿಸಿ ತೂಗುಹಾಕಿ, ದಿನಾ ಅಳತೆ ಬರೆಯಲು ಪೆನ್ನು ಕಟ್ಟಿದ. ಎಲ್ಲರೂ ಎರಡು ವಾರದ ಮಾತನ್ನೇ ಆಡಿದರು. ಎರಡು ವಾರವೆಂದರೆ ಎಷ್ಟು ಎಂಬುದು ಅಲ್ಲಿ ಗೊತ್ತಿದ್ದವಳು ಅಂಬಾಬಾಯಿ ಒಬ್ಬಳೇ. ಪಾಡವಾ ಆದಮೇಲೆ ಅಷ್ಟೇ ದಿನಗಳಲ್ಲಿ ಕುಲಾಯಿಯಲ್ಲಿ ಎರಡು ಗೆರೆ ಸರಿದಿತ್ತು.

ಮರುದಿನ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯಲು ಕೂತಳು. ಒಂದಾದ ಮೇಲೊಂದು ಮೂರು ರೊಟ್ಟಿ ಹರಿದವು. ನಾಲ್ಕನೆಯದನ್ನು ತಟ್ಟದೆ ಕೈ ತೊಳೆದು ಎದ್ದು, ಡ್ರಾದಿಂದ ಕುಲಾಯಿ ತೆಗೆದು, ಕೂಸಿಗೆ ಹಾಲೂಡಿಸುತ್ತಿದ್ದ ಸೊಸೆಯ ಮುಂದೆ ಒಳಮುಖ ಹೊರಗೆ ಮಾಡಿ ಇಟ್ಟಳು. ಏಳು ಬಣ್ಣದ ದಾರ ಸಾಲಾಗಿ ಕಂಡವು.

"ಇದೇನ್ರಿ ಅತ್ತಿ?" ಅಂದಳು ಶಿವಕಾಂತಾ. ನೋಡುತ್ತಾ ನೋಡುತ್ತಾ ಅವಳಿಗೇ ಅರ್ಥವಾಯಿತು. "ಎಷ್ಟ ಸಲ ಬಿಚ್ಚೀರಿ?"

"ಆರು."

"ಪಾಡವಾ ಆದಮ್ಯಾಲ?"

"ಮೂರು."

"ನನಗ್ಯಾಕ ಹೇಳಲಿಲ್ಲ?"

"ಬಟ್ಟಿ ಕುಗ್ಗ್ಯಾದ ಅಂದ್ಕೊಂಡೆ ಯವ್ವಾ."

"ಒಂದು ಕುಲಾಯಿ ತಿಂಗಳಿಗೆ ಮೂರ ಸಲ ಕುಗ್ಗತದೇನ್ರಿ? ಅದೂ ನಿಮ್ಮ ಮದಿವಿ ಖಣ, ಎಷ್ಟ ವರ್ಷ ಒಗದದ್ದು. ಕುಗ್ಗೂದಿಲ್ಲಂತ ನನಗಿಂತ ನಿಮಗ ಗೊತ್ತದ."

"ಗೊತ್ತಿತ್ತು," ಅಂದಳು ಅಂಬಾಬಾಯಿ. "ಹೆದರಿದೆ. ಬಾಯಿಲೆ ಅಂದ್ರ ಖರೆ ಆಗತದಂತ ಹೆದರಿದೆ. ನಿನ್ನೆ ಡಾಕ್ಟರ್ ಮುಂದೂ ಹೆದರಿದೆ."

ಶಿವಕಾಂತಾ ಅಳಲಿಲ್ಲ, ಕೂಗಾಡಲಿಲ್ಲ. ಕೂಸನ್ನು ಎದೆಯಿಂದ ಬಿಡಿಸಿ ಹೆಗಲಿಗೆ ಹಾಕಿಕೊಂಡು, ನಿಮ್ಮ ಭರೋಸೆ ಮ್ಯಾಲ ಬಿಟ್ಟ ಹೋಗಿದ್ದೆ ಎಂದು ಒಂದೇ ಮಾತು ಹೇಳಿದಳು. ಅಂಬಾಬಾಯಿಗೆ ಆ ಒಂದು ಮಾತಿಗಿಂತ ನಾಲ್ಕು ಮನೆಗೆ ಕೇಳುವಂತೆ ಬೈದಿದ್ದರೆ ಹಗುರಾಗುತ್ತಿತ್ತು. ಶಿವಕಾಂತಾ ಚಪ್ಪಲಿ ಮೆಟ್ಟಿಕೊಳ್ಳುತ್ತ, ಆಸ್ಪತ್ರೆಗೆ ನೀವೂ ಬರಬೇಕು, ಯಾವ ದಾರ ಯಾವ ದಿನದ್ದೆಂದು ನಿಮಗಷ್ಟೇ ಗೊತ್ತು ಎಂದಳು. ಒಲೆಯ ಮೇಲೆ ಕಾದ ಹೆಂಚನ್ನು ಶರಣಮ್ಮ ಕೆಳಗಿಳಿಸಿದಳು.

ಡಾಕ್ಟರ್ ರಂಜಿನಿ ಕುಲಾಯಿಯನ್ನು ಮೇಜಿನ ಮೇಲೆ ಹರಡಿಕೊಂಡರು. ಅಂಬಾಬಾಯಿ ಒಂದೊಂದು ದಾರದ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು: ಇದು ಹುಟ್ಟಿದ್ದು, ಇದು ಸಂಕ್ರಾಂತಿ, ಇದು ಶಿವರಾತ್ರಿ, ಇದು ಪಾಡವಾ. ಗುಲಾಬಿ ದಾರ ಚಾಳಿನ ಕೊನೆಯ ಮನೆಯ ಹುಡುಗಿಯ ನಿಶ್ಚಯದ ಹಿಂದಿನ ದಿನದ್ದು. ಕೇಸರಿ ಅದಾಗಿ ಎಂಟನೆಯ ದಿನ. ನೀಲಿ ಜಯಂತಿಯ ಹಿಂದಿನ ದಿನ. ಜೈಭೀಮ ಟೇಪು ಹಿಡಿದು ಒಂದೊಂದು ಗೆರೆಯ ಸುತ್ತಳತೆ ಹೇಳಿದ, ಡಾಕ್ಟರು ಬರೆದುಕೊಂಡರು.

"ಅಮ್ಮ, ಪ್ರತಿ ಸಲ ಎಷ್ಟು ಸಡಿಲ ಬಿಡ್ತಿದ್ರಿ?"

"ಒಂದ ಬೆರಳ. ಯಾವಾಗಲೂ ಒಂದೇ ಬೆರಳ್ರಿ."

ಡಾಕ್ಟರು ಅಂಕಿಗಳನ್ನೆಲ್ಲ ಒಂದು ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆಯೆಳೆದರು. ಪಾಡವಾದವರೆಗೆ ಗೆರೆ ಸಮನಾಗಿ ಏರಿ, ಅಲ್ಲಿಂದ ಮುಂದೆ ಗೋಡೆ ಹತ್ತಿದಂತೆ ನೆಟ್ಟಗೆ ನಿಂತಿತ್ತು. ಹಾಳೆಯನ್ನು ಮೂವರ ಕಡೆ ತಿರುಗಿಸಿ, "ಎರಡು ವಾರ ಕಾಯೋ ಹಾಗಿಲ್ಲ," ಅಂದರು. "ಇವತ್ತೇ ಅಡ್ಮಿಟ್ ಮಾಡಿ. ನಮ್ಮ ಫೈಲಲ್ಲಿ ಇಲ್ಲದ್ದು ಈ ಕುಲಾಯಿಯೊಳಗಿದೆ." ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಕುಲಾಯಿಯನ್ನು ಶಿವಕಾಂತಾಳ ಕೈಗೆ ಕೊಟ್ಟರು. ಅವಳು ಅದನ್ನು ತನ್ನ ಬ್ಯಾಗಿನೊಳಗೆ ಇಟ್ಟುಕೊಂಡಳು, ಅತ್ತೆಗೆ ಕೊಡಲಿಲ್ಲ.

ಮೂರನೆಯ ದಿನ ಕೂಸನ್ನು ಒಳಗೆ ಕರೆದುಕೊಂಡು ಹೋದರು. ಐದು ಗಂಟೆ ಹಿಡಿಯಿತು. ಜೈಭೀಮ ಕಾರಿಡಾರಿನ ಫರಸಿಯ ಕಲ್ಲುಗಳನ್ನು ಎಣಿಸಿದ, ಶಿವಕಾಂತಾ ಬಾಗಿಲಿನ ಎದುರಿನ ಕುರ್ಚಿಯಿಂದ ಏಳಲಿಲ್ಲ. ಬೀಗತಿಯರಿಬ್ಬರೂ ಮೆಟ್ಟಿಲ ಹತ್ತಿರ ಕೂತು ಚಿತ್ತಾಪುರದ ಗಟ್ಟಿ ರೊಟ್ಟಿಯನ್ನು ಚಟ್ನಿಯ ಜತೆ ಮುರಿದು ತಿಂದರು. ಚಿತ್ತಾಪುರದ ಅಂಗಡಿಯವ ಹೇಳಿದ ಟೊಪ್ಪಿಗೆಯ ಅಳತೆಯೇ ಸರಿಯಿತ್ತು ಬಿಡ್ರಿ ಎಂದು ಅಂಬಾಬಾಯಿ ಒಪ್ಪಿಕೊಂಡಳು. ಶರಣಮ್ಮ, ನಾನೂ ನಿಮ್ಮ ಜಾಗದಲ್ಲಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ ಎಂದು ಇನ್ನೊಂದು ತುಂಡು ರೊಟ್ಟಿ ಕೊಟ್ಟಳು. ಸಂಜೆ ಡಾಕ್ಟರು ಹೊರಗೆ ಬಂದು, ಮುಖ್ಯ ದಾರಿ ಮುಚ್ಚಿದ್ದೇವೆ, ಮುಂದೆ ಇನ್ನೊಮ್ಮೆ ಮಾಡಬೇಕಾಗಬಹುದು, ಆದರೆ ಕೂಸು ಚೆನ್ನಾಗಿದೆ ಎಂದರು. ಅಂಬಾಬಾಯಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಮನಸಾರೆ ಅತ್ತಳು.

ಮನೆಗೆ ಬಂದು, ಶರಣಮ್ಮ ಚಿತ್ತಾಪುರಕ್ಕೆ ಮರಳಿದ ಮೇಲೆ ದಿನಗಳು ಮತ್ತೆ ತಮ್ಮ ದಾರಿ ಹಿಡಿದವು, ಒಂದು ವಿಷಯ ಬಿಟ್ಟು. ಶಿವಕಾಂತಾ ಕೆಲಸಕ್ಕೆ ಹೋಗಲಿಲ್ಲ. ಜಾಗ ಹೋದರೆ ಹೋಗಲಿ ಎಂದಳು. ಕಂಪನಿಯ ಸೂಪರ್‌ವೈಸರು ಒಳ್ಳೆಯ ಮನುಷ್ಯ, ಜುಲೈ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದ. ಎಣ್ಣೆ, ನೀರು, ನಿದ್ದೆ ಎಲ್ಲವನ್ನೂ ಅವಳೇ ನೋಡಿಕೊಂಡಳು. ಅತ್ತೆಯೊಂದಿಗೆ ಮಾತು ಬಿಡಲಿಲ್ಲ. ಬೇಳೆ ಮುಗಿದಿದೆ, ನಲ್ಲಿಗೆ ನೀರು ಬಂದಿದೆ ಎಂಬಷ್ಟು ಆಡುತ್ತಿದ್ದಳು. ಅಜ್ಜಿ ಕೂಸನ್ನು ಎತ್ತಿಕೊಂಡರೆ ಬೇಡವೆನ್ನುತ್ತಿರಲಿಲ್ಲ, ಆದರೆ ತಾನಾಗಿ ಒಂದು ದಿನವೂ ಅವಳ ತೊಡೆಯ ಮೇಲೆ ಹಾಕಲಿಲ್ಲ. ಕುಲಾಯಿ ಕಪಾಟಿನೊಳಗೆ ಬೀಗದಲ್ಲಿತ್ತು. ಅಂಬಾಬಾಯಿ ಅದನ್ನು ಕೇಳಲಿಲ್ಲ. ಕೇಳುವ ಹಕ್ಕು ತನಗೆ ಉಳಿದಿದೆಯೆಂದು ಆಕೆಗೆ ಅನ್ನಿಸಲಿಲ್ಲ.

ಭಾನುವಾರ ಅಳತೆಯ ದಿನ. ಜೈಭೀಮ ಟೇಪು ಹಿಡಿಯುವುದು, ಶಿವಕಾಂತಾ ಕ್ಯಾಲೆಂಡರಿನ ಮೇಲೆ ಬರೆಯುವುದು, ಅಂಬಾಬಾಯಿ ಅಡಿಗೆ ಕಟ್ಟೆಯ ಹತ್ತಿರ ನಿಂತು ಕಿವಿಗೊಡುವುದು. ಮೊದಲ ವಾರ ನಲವತ್ತೈದೂವರೆ. ಎರಡನೆಯ ವಾರ ಅಷ್ಟೇ. ಮೂರನೆಯ ವಾರ ಟೇಪಿನ ಒಂದು ಸಣ್ಣ ಗೆರೆ ಮಾತ್ರ ಮುಂದೆ, ಎಲ್ಲ ಕೂಸುಗಳ ಹಾಗೆ. ಅವತ್ತು ಜೈಭೀಮ ಕೋಳಿ ತಂದ. ಜೂನ್ ಹೊತ್ತಿಗೆ ಅಪ್ಪಿ ಹಗಲು ಮಲಗುವುದನ್ನು ಬಿಟ್ಟು, ಬೋರಲಾಗಿ, ದಾರದ ಉಂಡೆಗಳ ಡಬ್ಬಿ ಉರುಳಿಸಿ ಅಜ್ಜಿಗೆ ಬೇಕಾದಷ್ಟು ಕಾಟ ಕೊಡತೊಡಗಿದ. ಆಕೆ ಅದನ್ನು ಮೂರು ಸಲ ಎತ್ತಿಟ್ಟು ನಾಲ್ಕನೆಯ ಸಲ ಅವನ ಕೈಗೆ ತಾನೇ ಕೊಟ್ಟಳು.

ಜುಲೈ ಮಳೆ ಹಿಡಿದಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಶಿಂದೆ ಬಾಯಿ ಛತ್ರಿ ಮಡಚುತ್ತಾ ಬಂದಳು. ಹದಿನೈದು ವರ್ಷದ ಗಿರಾಕಿ. ಗೌರಿ ಹಬ್ಬಕ್ಕೆ ಉಡುವ ನೇರಳೆ ಪೈಠಣಿ ರೇಷ್ಮೆ ಸೀರೆಯ ರವಿಕೆ ತೋಳಿಗೆ ಏರುತ್ತಿಲ್ಲ ಎಂದಳು. ಬಟ್ಟೆ ಕುಗ್ಗಿದೆ ನೋಡಿ ಎಂದು ಅವಳೇ ಹೇಳಿ ನಕ್ಕಳು. ಅಂಬಾಬಾಯಿ ನೇರಳೆ ದಾರ ಪೋಣಿಸುತ್ತಿದ್ದಳು. ಹಳೆಯ ಉತ್ತರ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ಅಲ್ಲೇ ತಡೆದು, ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು: ಬಟ್ಟೆ ಕುಗ್ಗಿಲ್ಲ ಬಾಯಿ, ರೇಷ್ಮೆ ಹೀಗೆ ಕುಗ್ಗುವುದಿಲ್ಲ. ದೀಪಾವಳಿಯಿಂದ ಈಚೆಗೆ ನೀವು ಎರಡು ಬೆರಳು ದಪ್ಪಗಾಗಿದ್ದೀರಿ. ರವಿಕೆ ನಾನು ಸಡಿಲ ಮಾಡುತ್ತೇನೆ, ನೀವು ಒಮ್ಮೆ ಡಾಕ್ಟರಿಗೆ ತೋರಿಸಿ.

ಶಿಂದೆ ಬಾಯಿಯ ಮುಖ ಸಣ್ಣದಾಯಿತು. ರವಿಕೆಯನ್ನು ಕಸಿದುಕೊಂಡು ಬಾಗಿಲವರೆಗೆ ಹೋದಳು. ಹೊರಗೆ ಮಳೆ ಜೋರಾಗಿತ್ತೋ, ಇಷ್ಟು ವರ್ಷದ ಕೈ ಬಿಟ್ಟು ಎಲ್ಲಿಗೆ ಹೋಗುವುದೆನ್ನಿಸಿತೋ, ತಿರುಗಿ ಬಂದು ರವಿಕೆಯನ್ನು ಮಷೀನಿನ ಮೇಲೆ ಕುಕ್ಕಿ, ಎರಡೇ ಬೆರಳು, ಹೆಚ್ಚಿಲ್ಲ ಎಂದು ಹೇಳಿ ಹೋದಳು.

ಒಳಕೋಣೆಯ ಪರದೆ ಸರಿಯಿತು. ಶಿವಕಾಂತಾ ಅಪ್ಪಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಕುಲಾಯಿ ಇತ್ತು.

"ಥಂಡಿ ಭಾಳ ಅದಂತ ಕಟ್ಟಾಕ ಹೋದೆ," ಅಂದಳು. "ಬಿಗಿ ಆಗ್ಯಾದ್ರಿ."

ಅಂಬಾಬಾಯಿಯ ಕಾಲು ಪೆಡಲಿನ ಮೇಲೆ ನಿಂತಿತು. "ಅಳತಿ ತಗೊಂಡಿಯೇನು?"

"ಈಗ ತಗೊಂಡೆ. ನಲವತ್ತಾರೂವರಿ. ಡಾಕ್ಟರ್ ಬಾಯಿಗಿ ಫೋನ್ ಮಾಡೀನಿ. ಕೂಸು ಬೆಳೀಬೇಕಾದಷ್ಟೇ ಬೆಳದಾನ ಅಂದ್ರು." ಅವಳು ಬಗ್ಗಿ ಕೂಸನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, ಕುಲಾಯಿಯನ್ನು ಮಷೀನಿನ ಮೇಲಿಟ್ಟಳು. "ಬಿಚ್ಚಿ ಹೊಲೀರಿ. ಸೋಮವಾರದಿಂದ ನಾ ಕೆಲಸಕ್ಕ ಹೊಂಟೀನಿ."

ಅಂಬಾಬಾಯಿ ಕುಲಾಯಿಯನ್ನು ಒಳಮುಖ ಮಾಡಿದಳು. ಒಳಗೆ ಇನ್ನೂ ಒಂದು ಬೆರಳು ಬಟ್ಟೆ ಉಳಿದಿತ್ತು, ಜಾವಳದವರೆಗೆ ಸಾಕಾಗುವಷ್ಟು. ಹೊಲಿಗೆಯ ಗೆರೆ ಎಲ್ಲಿ ಬೀಳಬೇಕೆಂದು ಉಗುರಿನಿಂದ ಗುರುತು ಮಾಡಿಕೊಂಡಳು. ಕಣ್ಣು ಮಂಜಾಗಿ ಸೂಜಿ ಕಾಣಲಿಲ್ಲ, ಒರೆಸಿಕೊಂಡಳು.

"ಅರ್ಧ ಬೆರಳ ಸರಿಸ್ತೀನಿ. ನೇರಳಿ ದಾರ," ಎಂದು ಗಟ್ಟಿಯಾಗಿ, ಪಕ್ಕದ ಮನೆಗೂ ಕೇಳುವಂತೆ ಹೇಳಿದಳು.

ಶಿವಕಾಂತಾ ಕ್ಯಾಲೆಂಡರಿನ ಪೆನ್ನು ತೆಗೆದುಕೊಂಡು ಅದನ್ನೂ ಬರೆದಳು. ಅಪ್ಪಿ ಅಜ್ಜಿಯ ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ಎರಡೂ ಕೈಯಿಂದ ಹಿಡಿದು ಬಾಯಿಗಿಟ್ಟುಕೊಂಡ.